ಯಾರ ಮೇಲೆ ಗೆದ್ದರು? ಕಾಲೇಜು ಕಬಡ್ಡಿ ತಂಡದ ಬಗ್ಗೆ ಆಧಾರವಿಟ್ಟು ವಾದಿಸುವ ಬಗೆ

ಬಾಗಲಕೋಟೆಯ ನವನಗರದಲ್ಲಿ ಸಂಜೆಯ ಚಹಾಕ್ಕೆ ಸೇರುವ ನಮ್ಮ ಗುಂಪಿನಲ್ಲಿ, ಅಂತರ ಕಾಲೇಜು ಕಬಡ್ಡಿ ಪಂದ್ಯಗಳು ಶುರುವಾದವೆಂದರೆ ಬೇರೆ ಮಾತಿಗೆ ಜಾಗವೇ ಇರುವುದಿಲ್ಲ. "ಏನ್ರಿ ಸರ, ನಾಕ್ ಮ್ಯಾಚ್ ಗೆದ್ದಾರ, ಇನ್ನೇನ್ ಬೇಕ್ರಿ?" ಎಂದು ಒಬ್ಬರು ಕೇಳುತ್ತಾರೆ. "ಯಾರ ಮ್ಯಾಲ ಗೆದ್ದಾರ, ಅದನ್ನ ಮೊದಲ ಹೇಳ್ರಿ" ಎಂದು ಇನ್ನೊಬ್ಬರು ತಡೆಯುತ್ತಾರೆ. ಈ ಎರಡನೆಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಹುಡುಕುವ ಕ್ರಮ ಕೈಯಲ್ಲಿಲ್ಲದ ಕಾರಣ ಮಾತು ಅಲ್ಲಿಂದ ಮುಂದೆ ಊರಿನ ಅಭಿಮಾನಕ್ಕೋ, ಕೋಚ್ ಮೇಲಿನ ಸಿಟ್ಟಿಗೋ ತಿರುಗಿಬಿಡುತ್ತದೆ. ಹಲವು ವರ್ಷ ಅಂಗಳದ ಅಂಚಿನಲ್ಲಿ ಕುಳಿತು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಲವೊಮ್ಮೆ ತಪ್ಪು ತೀರ್ಮಾನಕ್ಕೂ ಬಂದು ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ವಾದಕ್ಕೆ ಕೂರುವ ಮೊದಲು ಪ್ರಶ್ನೆ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಈ ತಂಡ ಬಲವಾದದ್ದೇ ಎಂಬುದು ಒಂದು ಪ್ರಶ್ನೆ; ಈ ತಂಡ ಮುಂದಿನ ಪಂದ್ಯ ಗೆಲ್ಲುವುದೇ ಎಂಬುದು ಬೇರೆ ಪ್ರಶ್ನೆ; ಕೋಚ್ ತಮ್ಮ ಕೈಯಲ್ಲಿದ್ದ ಹುಡುಗರನ್ನು ಸರಿಯಾಗಿ ಆಡಿಸಿದರೇ ಎಂಬುದು ಮೂರನೆಯದು. ಬಲವಾದ ತಂಡ ಸೋಲಬಹುದು, ಸೋತ ತಂಡದ ಕೋಚ್ ಬಹಳ ಚೆನ್ನಾಗಿ ಯೋಚಿಸಿರಬಹುದು. ಒಬ್ಬರು ಮೊದಲನೆಯದಕ್ಕೂ ಇನ್ನೊಬ್ಬರು ಮೂರನೆಯದಕ್ಕೂ ಉತ್ತರ ಕೊಡುತ್ತ ಒಂದೇ ವಿಷಯ ಮಾತಾಡುತ್ತಿದ್ದೇವೆಂದು ತಿಳಿದರೆ ರಾತ್ರಿಯಾದರೂ ವಾದ ಮುಗಿಯುವುದಿಲ್ಲ.

ಎರಡನೆಯದಾಗಿ, ಪಂದ್ಯಾವಳಿಯಲ್ಲಿ ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ಪಂದ್ಯಕ್ಕೆ ಮೊದಲೇ ಕೇಳಿ ತಿಳಿಯಬೇಕು. ಪುರುಷರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ; ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ, ಎದುರಿನ ಅಂಗಳಕ್ಕೆ ನುಗ್ಗುವ ರೇಡರ್ ದಾಟಬೇಕಾದ ಬಾಕ್ ಲೈನ್, ಅಲ್ಲಿಂದ ಇನ್ನೊಂದು ಮೀಟರ್ ಆಚೆ, ದಾಟಿದರೆ ಹೆಚ್ಚುವರಿ ಅಂಕ ತರಬಲ್ಲ ಬೋನಸ್ ಲೈನ್. ಆಟ 20 ನಿಮಿಷಗಳ ಎರಡು ಅವಧಿ, ಒಂದು ರೇಡ್‌ಗೆ 30 ಸೆಕೆಂಡ್. ಇವು ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಆದರೆ ಎರಡು ಖಾಲಿ ರೇಡ್‌ಗಳ ನಂತರದ ಮೂರನೆಯ ರೇಡ್‌ನಲ್ಲಿ ಅಂಕ ತರದಿದ್ದರೆ ರೇಡರ್ ಔಟ್ ಎಂಬ 'ಡೂ ಆರ್ ಡೈ' ನಿಯಮ, ಅಂಗಳದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಾಗ ರೇಡರ್‌ನನ್ನು ಹಿಡಿದರೆ ಹೆಚ್ಚುವರಿ ಅಂಕ ಕೊಡುವ ಸೂಪರ್ ಟ್ಯಾಕಲ್ ನಿಯಮ, ಇವು ಊರಿನ ಆಹ್ವಾನ ಪಂದ್ಯಾವಳಿಗಳಲ್ಲೆಲ್ಲ ಒಂದೇ ರೀತಿ ಇರುತ್ತವೆಂದು ತಿಳಿಯಬಾರದು. ನಿಯಮದ ಗೊಂದಲ ಎಷ್ಟು ದೊಡ್ಡ ಪಂದ್ಯವನ್ನೂ ಕೆಡಿಸಬಲ್ಲದು ಎಂಬುದಕ್ಕೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 2023ರ ಪುರುಷರ ಫೈನಲ್ ಸಾಕ್ಷಿ: 28–28ರ ಸಮಬಲದಲ್ಲಿ ಅಂಗಳದ ಎರಡೂ ಅಂಚಿನ ಪಟ್ಟಿಯಾದ ಲಾಬಿಗೆ ಸಂಬಂಧಿಸಿದ ಹಳೆಯ ನಿಯಮವೋ ಹೊಸ ನಿಯಮವೋ ಎಂಬ ತಕರಾರಿನಿಂದ ಆಟ ಬಹಳ ಹೊತ್ತು ನಿಂತು, ಕೊನೆಗೆ ಭಾರತ ಇರಾನಿನ ಮೇಲೆ 33–29ರಿಂದ ಗೆದ್ದಿತು. ಅಂಥ ಹಂತದಲ್ಲಿಯೇ ಹೀಗಾಗುವುದಾದರೆ ನಮ್ಮ ಕಾಲೇಜು ಮೈದಾನದಲ್ಲಿ ಆಗದೇ?

ಎದುರಾಳಿಗಳ ಬಲ ಲೆಕ್ಕ ಹಾಕುವುದು

ನಮ್ಮ ಭಾಗದ ಅಂತರ ಕಾಲೇಜು ಪಂದ್ಯಗಳು ಬಹುಪಾಲು ನಾಕೌಟ್ ಮಾದರಿಯಲ್ಲಿ ನಡೆಯುವುದರಿಂದ, ಮೊದಲು ನೋಡಬೇಕಾದದ್ದು ಡ್ರಾ, ಅಂದರೆ ಯಾರು ಯಾರ ಎದುರು ಆಡುತ್ತಾರೆಂಬ ಪಟ್ಟಿ. ಉದಾಹರಣೆಗೆ 13 ತಂಡಗಳು ಬಂದಿವೆ ಎಂದುಕೊಳ್ಳಿ. 16ಕ್ಕೆ ಮೂರು ಕಡಿಮೆಯಾದ್ದರಿಂದ ಮೂರು ತಂಡಗಳಿಗೆ ಬೈ, ಅಂದರೆ ಮೊದಲ ಸುತ್ತು ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ, ಸಿಗುತ್ತದೆ. ಉಳಿದ ಹತ್ತು ತಂಡಗಳು ಮೊದಲ ಸುತ್ತಿನಲ್ಲಿ ಐದು ಪಂದ್ಯ ಆಡುತ್ತವೆ. ಬೈ ಪಡೆದ ತಂಡ ಮೂರು ಪಂದ್ಯ ಗೆದ್ದು ಕಪ್ ಎತ್ತುತ್ತದೆ, ಪಡೆಯದ ತಂಡಕ್ಕೆ ನಾಲ್ಕು ಗೆಲುವು ಬೇಕು. ಆದ್ದರಿಂದ "ನಾಲ್ಕು ಗೆದ್ದರು", "ಮೂರೇ ಗೆದ್ದರು" ಎಂಬ ಹೋಲಿಕೆಗೆ ಅರ್ಥವಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಹಿಂದಿನ ವರ್ಷದ ಎರಡು ಬಲವಾದ ತಂಡಗಳು ಡ್ರಾದ ಮೇಲಿನ ಅರ್ಧದಲ್ಲಿವೆಯೋ ಕೆಳಗಿನ ಅರ್ಧದಲ್ಲಿವೆಯೋ ಎಂಬುದು. ಎರಡೂ ಒಂದೇ ಅರ್ಧದಲ್ಲಿ ಬಿದ್ದರೆ ಅವುಗಳಲ್ಲೊಂದು ಫೈನಲ್‌ಗೆ ಮೊದಲೇ ಮನೆಗೆ ಹೋಗುತ್ತದೆ. ಇನ್ನೊಂದು ಅರ್ಧದಿಂದ ಬಂದ ರನ್ನರ್ ಅಪ್ ತಂಡವನ್ನು ಊರಿನ ಎರಡನೆಯ ಉತ್ತಮ ತಂಡವೆಂದು ಕರೆಯುವುದು ಸರಿಯಾಗುವುದಿಲ್ಲ.

ಡ್ರಾ ಹಾಳೆಯ ಪಕ್ಕದಲ್ಲಿ ಪ್ರತಿ ಪಂದ್ಯದ ಸಮಯವನ್ನೂ ಬರೆದಿಡಿ. ಎರಡು ದಿನದಲ್ಲಿ ಮುಗಿಯುವ ಪಂದ್ಯಾವಳಿಯಲ್ಲಿ ಒಂದು ತಂಡ ಮಧ್ಯಾಹ್ನ ಕ್ವಾರ್ಟರ್ ಫೈನಲ್ ಆಡಿ, ಬೆವರು ಆರುವ ಮೊದಲೇ ಸೆಮಿಫೈನಲ್‌ಗೆ ಇಳಿದಿರುತ್ತದೆ. ಎದುರಿನ ತಂಡ ಬೆಳಗ್ಗೆಯೇ ಪಂದ್ಯ ಮುಗಿಸಿ ಊಟ ಮಾಡಿ ಮಲಗಿ ಎದ್ದಿರುತ್ತದೆ. ಅಂಗಳವನ್ನೂ ಗಮನಿಸಬೇಕು. ವರ್ಷವಿಡೀ ಬರಿಗಾಲಲ್ಲಿ ಮಣ್ಣಿನ ಮೇಲೆ ಆಡಿದ ಹುಡುಗರು ಮ್ಯಾಟ್ ಮೇಲೆ ಬೂಟು ಹಾಕಿ ಇಳಿದ ದಿನ ಅವರ ಹೆಜ್ಜೆ ಬದಲಾಗುತ್ತದೆ; ಮಣ್ಣಿನಲ್ಲಿ ಜಾರಿ ಗೆರೆ ಮುಟ್ಟುತ್ತಿದ್ದ ಕಾಲು ಮ್ಯಾಟ್‌ನಲ್ಲಿ ಕಚ್ಚಿ ನಿಲ್ಲುತ್ತದೆ. ಜಮಖಂಡಿ, ಮುಧೋಳ, ರಾಯಬಾಗ, ಗೋಕಾಕ ಕಡೆಯ ಹಳ್ಳಿಗಳ ಹುಡುಗರಿರುವ ತಂಡಗಳಲ್ಲಿ ಇನ್ನೊಂದು ವಿಷಯವಿದೆ: ಕಬ್ಬು ಕಟಾವಿನ ದಿನಗಳಲ್ಲಿ ಮನೆಗೆಲಸ ಬಿಟ್ಟು ಅಭ್ಯಾಸಕ್ಕೆ ಬರುವುದು ಎಲ್ಲರಿಗೂ ಆಗುವುದಿಲ್ಲ. ಪೂರ್ಣ ತಂಡ ಇಳಿದಿತ್ತೇ ಎಂಬುದನ್ನು ತಿಳಿಯದೆ ಆ ತಂಡವನ್ನು ಸೋಲಿಸಿದ್ದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಹೇಳಲಾಗದು.

ತಂಡಗಳು ಬೇರೆ ಬೇರೆ ಕಡೆ ಆಡಿದ್ದಾಗ ಹೋಲಿಕೆ ಕಷ್ಟವಾಗುತ್ತದೆ, ಮತ್ತು ನಮ್ಮಲ್ಲಿ ಇದು ದಿನನಿತ್ಯದ ತೊಂದರೆ. ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯಲ್ಲಿ ಕೇಂದ್ರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಂದ್ಯಾವಳಿಯಲ್ಲಿ ಆಡುತ್ತವೆ. ಪದವಿ ಕಾಲೇಜುಗಳು ತಮ್ಮ ವಿಶ್ವವಿದ್ಯಾಲಯದ ಪಂದ್ಯಾವಳಿಯಲ್ಲಿ ಆಡುತ್ತವೆ. ಒಂದೇ ಊರಿನ, ಒಂದೇ ರಸ್ತೆಯ ಎರಡು ಕಾಲೇಜುಗಳು ಆಹ್ವಾನ ಪಂದ್ಯಾವಳಿಯಲ್ಲಿ ಬಿಟ್ಟರೆ ಎದುರುಬದುರಾಗುವುದೇ ಇಲ್ಲ. ಇಂಥ ಕಡೆ ಅಮೆರಿಕದ ಕಾಲೇಜು ಕ್ರೀಡೆಗಳಲ್ಲಿ ಬಹುಕಾಲ ಬಳಸಿದ ಒಂದು ಸೂತ್ರ ನಮಗೂ ಉಪಯೋಗಕ್ಕೆ ಬರುತ್ತದೆ. ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಕಾಲು ಭಾಗ, ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಅರ್ಧ ಭಾಗ, ಎದುರಾಳಿಗಳ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಉಳಿದ ಕಾಲು ಭಾಗ ತೂಕ ಕೊಡುವುದೇ ಆ ಸೂತ್ರ. ಎದುರಾಳಿಯ ಪ್ರಮಾಣ ತೆಗೆಯುವಾಗ ನಮ್ಮೊಂದಿಗೆ ಆಡಿದ ಪಂದ್ಯವನ್ನು ಬಿಟ್ಟು ಲೆಕ್ಕ ಹಾಕಬೇಕು; ಇಲ್ಲದಿದ್ದರೆ ನಾವು ಅವರನ್ನು ಸೋಲಿಸಿದ ಕಾರಣಕ್ಕೇ ಅವರು ದುರ್ಬಲರೆಂದು ಬರೆದುಕೊಂಡಂತಾಗುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಮೊದಲ ತಂಡ 8 ಪಂದ್ಯಗಳಲ್ಲಿ 6 ಗೆದ್ದಿದೆ, ಅಂದರೆ 0.75, ಅದರ ಎದುರಾಳಿಗಳ ಪ್ರಮಾಣ 0.40, ಅವರ ಎದುರಾಳಿಗಳದು 0.50. ಸೂತ್ರದಂತೆ ಬರುವ ಮೊತ್ತ ಸುಮಾರು 0.51. ಎರಡನೆಯ ತಂಡ 8ರಲ್ಲಿ 5 ಮಾತ್ರ ಗೆದ್ದಿದೆ, ಅಂದರೆ 0.625, ಆದರೆ ಅದರ ಎದುರಾಳಿಗಳ ಪ್ರಮಾಣ 0.60, ಅವರ ಎದುರಾಳಿಗಳದು ಅದೇ 0.50. ಇದರ ಮೊತ್ತ ಸುಮಾರು 0.58. ಒಂದು ಪಂದ್ಯ ಕಡಿಮೆ ಗೆದ್ದ ತಂಡ ಇಲ್ಲಿ ಮುಂದೆ ನಿಲ್ಲುತ್ತದೆ.

ಈ ಸೂತ್ರಕ್ಕೆ ದೊಡ್ಡ ಮಿತಿಯೊಂದಿದೆ. ಮೊದಲ ಸುತ್ತಿನಲ್ಲೇ ನಮ್ಮ ಕೈಲಿ ಸೋತು ಹೋದ ತಂಡ ಬೇರೆ ಪಂದ್ಯವನ್ನೇ ಆಡಿರುವುದಿಲ್ಲ, ಹಾಗಾಗಿ ಒಂದೇ ನಾಕೌಟ್ ಪಂದ್ಯಾವಳಿಯ ಆಧಾರದ ಮೇಲೆ ಇದನ್ನು ಹಾಕಲು ಬರುವುದಿಲ್ಲ. ಇಡೀ ಹಂಗಾಮಿನ ಪಂದ್ಯಗಳು ಬೇಕು. ಎಲ್ಲರೂ ಎಲ್ಲರೊಂದಿಗೆ ಆಡುವ ಲೀಗ್‌ನಲ್ಲಿ ಇದರ ಅಗತ್ಯವೇ ಇಲ್ಲ, ಏಕೆಂದರೆ ಅಲ್ಲಿ ಎದುರಾಳಿಗಳು ಹೆಚ್ಚುಕಡಿಮೆ ಒಂದೇ. ಅಲ್ಲದೆ ಸೂತ್ರ ಅಂಕಗಳ ಅಂತರವನ್ನು ನೋಡುವುದಿಲ್ಲ. ನಾನು ಅಂತರವನ್ನು ಬೇರೆಯಾಗಿ ಬರೆಯುತ್ತೇನೆ, ಆದರೆ 15 ಅಂಕಗಳಿಗಿಂತ ಹೆಚ್ಚಿನ ಅಂತರವನ್ನು 15 ಎಂದೇ ಹಿಡಿಯುತ್ತೇನೆ. ದುರ್ಬಲ ತಂಡ ಒಮ್ಮೆ ಕುಸಿಯಿತೆಂದರೆ ಒಂದರ ಮೇಲೊಂದು ಲೋನಾ (ಇಡೀ ತಂಡ ಔಟಾಗುವುದು) ಬೀಳುತ್ತದೆ, ಪ್ರತಿ ಲೋನಾಗೆ ಎರಡು ಅಂಕ ಹೆಚ್ಚುವರಿಯಾಗಿ ಬರುತ್ತದೆ. 30 ಅಂಕಗಳ ಗೆಲುವು 15 ಅಂಕಗಳ ಗೆಲುವಿನ ಎರಡರಷ್ಟು ಬಲವನ್ನು ತೋರಿಸುವುದಿಲ್ಲ. ಕಡಿಮೆ ಅಂತರದ ಸೋಲನ್ನು ಮಾತ್ರ ಜೋಪಾನವಾಗಿ ಬರೆದಿಡಬೇಕು. ಪ್ರೊ ಕಬಡ್ಡಿ ಲೀಗ್‌ನಲ್ಲಿ ಹಲವು ಆವೃತ್ತಿಗಳ ಕಾಲ 7 ಅಥವಾ ಅದಕ್ಕಿಂತ ಕಡಿಮೆ ಅಂಕಗಳಿಂದ ಸೋತ ತಂಡಕ್ಕೂ ಲೀಗ್ ಪಟ್ಟಿಯಲ್ಲಿ ಒಂದು ಅಂಕ ಕೊಡುತ್ತಿದ್ದರು. ಆ ಏಳರ ಗೆರೆಯನ್ನೇ ನಾನು ಕಾಲೇಜು ಪಂದ್ಯಗಳಿಗೂ ಇಟ್ಟುಕೊಂಡಿದ್ದೇನೆ.

ದೊಡ್ಡ ಅಂತರದ ಗೆಲುವು ಕಣ್ಣು ಕಟ್ಟುವುದಕ್ಕೆ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. 1990ರಲ್ಲಿ ಬೀಜಿಂಗ್‌ನಲ್ಲಿ ಕಬಡ್ಡಿ ಸೇರಿದಂದಿನಿಂದ ಸತತ ಏಳು ಬಾರಿ ಚಿನ್ನ ಗೆದ್ದ ಭಾರತದ ಪುರುಷರ ತಂಡ ಆ ವರ್ಷವೂ ಗುಂಪಿನ ಹಂತದಲ್ಲಿ ಬಾಂಗ್ಲಾದೇಶ, ಶ್ರೀಲಂಕಾ, ಥಾಯ್ಲೆಂಡ್ ತಂಡಗಳನ್ನು ದೊಡ್ಡ ಅಂತರದಿಂದ ಸೋಲಿಸಿತ್ತು. ಆದರೆ ಅದೇ ಗುಂಪಿನಲ್ಲಿ ದಕ್ಷಿಣ ಕೊರಿಯಾದ ಎದುರು 23–24ರಿಂದ ಸೋತಿತು. ಬಲವಾದ ಎದುರಾಳಿಯ ಎದುರಿನ ಆ ಒಂದು ಅಂಕದ ಸೋಲು ಹೇಳಿದ್ದನ್ನು ಮೂರು ದೊಡ್ಡ ಗೆಲುವುಗಳು ಮುಚ್ಚಿಟ್ಟವು. ಸೆಮಿಫೈನಲ್‌ನಲ್ಲಿ ಇರಾನ್ 27–18ರಿಂದ ಗೆದ್ದು ಅದನ್ನು ಬಯಲು ಮಾಡಿತು. ನಿಮ್ಮ ತಂಡದ ಪಟ್ಟಿಯಲ್ಲಿ ಅಂಥ ಒಂದು ಪಂದ್ಯ ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಓದಿ.

ಕೋಚ್ ಮಾಡಿದ ಬದಲಾವಣೆಯನ್ನು ಗುರುತಿಸುವುದು

ಇದಕ್ಕೆ ನೋಟ್‌ಬುಕ್ ಇಲ್ಲದೆ ಆಗದು. ಪ್ರತಿ ರೇಡ್‌ಗೆ ಒಂದು ಸಾಲು ಸಾಕು: ನಿಮಿಷ, ರೇಡರ್‌ನ ಅಂಗಿ ನಂಬರ್, ಎದುರು ಎಷ್ಟು ಮಂದಿ ಇದ್ದರು, ಏನಾಯಿತು. ಬೋನಸ್‌ಗೆ 'ಬೋ', ಖಾಲಿ ರೇಡ್‌ಗೆ ಸೊನ್ನೆ, ಹಿಡಿದರೆ ಯಾರು ಹಿಡಿದರೆಂಬ ನಂಬರ್. ಎದುರು ಎಷ್ಟು ಮಂದಿ ಇದ್ದರು ಎಂಬ ಕಾಲಂ ಬಿಡಬೇಡಿ. ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ, ಮೂವರಿಗೆ ಇಳಿದಾಗ ಸೂಪರ್ ಟ್ಯಾಕಲ್ ಬಾಗಿಲು ತೆರೆಯುತ್ತದೆ, ಹೀಗಾಗಿ ಆಟದ ಲೆಕ್ಕಾಚಾರವೆಲ್ಲ ಆ ಕಾಲಂನಲ್ಲಿಯೇ ಇದೆ. ಪ್ರತಿ ಅವಧಿಯಲ್ಲಿ ತಂಡಕ್ಕೆ 30 ಸೆಕೆಂಡ್‌ಗಳ ಎರಡು ಟೈಮ್ ಔಟ್ ಇರುತ್ತವೆ. ಅವನ್ನು ಕರೆದ ಸಾಲಿನ ಕೆಳಗೆ ಗೆರೆ ಎಳೆಯಿರಿ.

ಒಂದು ಸೆಮಿಫೈನಲ್‌ನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಎದುರಾಳಿ ತಂಡದ ಎತ್ತರದ ರೇಡರ್ ಮೊದಲ ಹತ್ತು ನಿಮಿಷದಲ್ಲಿ ನಾಲ್ಕು ಬೋನಸ್ ಎತ್ತಿದ್ದ. ಬಲ ಮೂಲೆಯಲ್ಲಿ ನಿಲ್ಲುವ ನಮ್ಮ ರೈಟ್ ಕಾರ್ನರ್ ಹುಡುಗ ಪ್ರತಿ ಸಲ ಬೋನಸ್ ಗೆರೆಯ ಹಿಂದೆ ನಿಂತು ಕಾಲು ಹಿಡಿಯಲು ಕಾಯುತ್ತಿದ್ದ, ಆ ರೇಡರ್ ಒಂದು ಕಾಲು ಗೆರೆ ದಾಟಿಸಿ, ಹಿಂದಿನ ಕಾಲು ಎತ್ತಿ, ಕೈಗೆ ಸಿಗುವ ಮೊದಲೇ ಹಿಂದೆ ಸರಿಯುತ್ತಿದ್ದ. ಕೋಚ್ ಟೈಮ್ ಔಟ್ ಕರೆದರು. ಎಲ್ಲರನ್ನೂ ಸುತ್ತ ನಿಲ್ಲಿಸಿ ಕೂಗಾಡಲಿಲ್ಲ. ಆ ಹುಡುಗನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದು, ತಮ್ಮ ಚಪ್ಪಲಿಯ ತುದಿಯಿಂದ ಮಣ್ಣಿನಲ್ಲಿ ಗೇಣುದ್ದದ ಒಂದು ಗೆರೆ ಎಳೆದು, ಅದರ ಮುಂದೆ ಅವನನ್ನು ನಿಲ್ಲಿಸಿ ತೋರಿಸಿದರು. ಅಷ್ಟೇ. ಮುಂದಿನ ರೇಡ್‌ನಲ್ಲಿ ಹುಡುಗ ಒಂದು ಹೆಜ್ಜೆ ಮುಂದೆ ನಿಂತ. ರೇಡರ್ ಗೆರೆಯವರೆಗೆ ಬಂದು ಅಳುಕಿ ಖಾಲಿ ಮರಳಿದ, ಎರಡನೆಯದೂ ಖಾಲಿ. ಮೂರನೆಯದು ಡೂ ಆರ್ ಡೈ. ಅಂಕ ತರಲೇಬೇಕಾದ ಒತ್ತಡದಲ್ಲಿ ಅವನು ಮೂಲೆಗೂ ನಡುವಿಗೂ ಮಧ್ಯೆ ನಿಲ್ಲುವ ಕವರ್ ಆಟಗಾರನತ್ತ ಕೈ ಚಾಚಿದ, ಕೈಕೈ ಹಿಡಿದಿದ್ದ ಜೋಡಿ ಅವನನ್ನು ಡ್ಯಾಶ್ ಮಾಡಿ, ಅಂದರೆ ಮೈಯಿಂದ ಗುದ್ದಿ, ಹೊರಗೆ ಹಾಕಿತು.

ಇಲ್ಲಿ ಬದಲಾವಣೆ ಕಣ್ಣಿಗೆ ಕಾಣುವಂಥದ್ದು, ಮತ್ತು ಅದರಿಂದ ಫಲ ಹೇಗೆ ಬಂತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಬಹುದು. ನಾನು ಒಂದು ಪ್ರಶ್ನೆಯನ್ನು ಇದಕ್ಕೆ ಸೇರಿಸುತ್ತೇನೆ: ಈ ಬದಲಾವಣೆಗೆ ತಂಡ ಕೊಟ್ಟ ಬೆಲೆ ಏನು? ಮುಂದೆ ನಿಂತ ಕಾರ್ನರ್, ಕಾಲ್ಬೆರಳಿನಿಂದ ಮುಟ್ಟುವ ಟೋ ಟಚ್‌ಗೂ ಹಿಂದಕ್ಕೆ ಒದೆಯುವ ಬ್ಯಾಕ್ ಕಿಕ್‌ಗೂ ಹತ್ತಿರವಾಗುತ್ತಾನೆ. ಎದುರಿನ ಕೋಚ್ ಅದನ್ನು ಗಮನಿಸಿ ಒದೆಯಬಲ್ಲ ರೇಡರ್‌ನನ್ನು ಕಳಿಸಿದ್ದರೆ ಅದೇ ಬದಲಾವಣೆ ಮುಳುವಾಗುತ್ತಿತ್ತು. ಬೆಲೆಯನ್ನು ಹೇಳಲಾರದವರು ಬದಲಾವಣೆಯನ್ನು ಪೂರ್ತಿ ಅರ್ಥಮಾಡಿಕೊಂಡಿಲ್ಲವೆಂದೇ ನನ್ನ ತಿಳಿವಳಿಕೆ, ಮತ್ತು ವಾದದಲ್ಲಿ ಎದುರಿನವರನ್ನು ಈ ಪ್ರಶ್ನೆ ಕೇಳುವುದು ನ್ಯಾಯವಾದದ್ದು.

ಆಟ ತಿರುಗಿದ್ದಕ್ಕೆಲ್ಲ ಕೋಚ್ ಕಾರಣರಲ್ಲ. ಒಮ್ಮೆ ನಾನು, ಎರಡನೆಯ ಅವಧಿಯಲ್ಲಿ ಒಂಬತ್ತು ಅಂಕ ಹಿಂದಿದ್ದ ತಂಡ ಸಮ ಮಾಡಿಕೊಂಡದ್ದಕ್ಕೆ ಕೋಚ್ ಇಳಿಸಿದ ಬದಲಿ ಆಟಗಾರನೇ ಕಾರಣವೆಂದು ಒಂದು ವಾರ ಪಟ್ಟು ಹಿಡಿದು ವಾದಿಸಿದ್ದೆ. ಆಮೇಲೆ ನೋಟ್‌ಬುಕ್ ತೆರೆದು ಸಾಲು ಸಾಲಾಗಿ ನೋಡಿದಾಗ, ಎದುರಾಳಿಯ ಮುಖ್ಯ ರೇಡರ್ 24ನೆಯ ನಿಮಿಷದಿಂದ 31ನೆಯ ನಿಮಿಷದವರೆಗೆ ಹೊರಗೆ ಕುಳಿತಿದ್ದುದು ಕಂಡಿತು. ಔಟಾದವರು ಔಟಾದ ಕ್ರಮದಲ್ಲೇ ಒಳಗೆ ಬರಬೇಕು. ಅವನ ತಂಡ ಅಂಕ ಗಳಿಸದೆ ಅವನು ಬರುವಂತಿರಲಿಲ್ಲ, ಅವನಿಲ್ಲದೆ ಅಂಕ ಬರುತ್ತಿರಲಿಲ್ಲ. ಹಿಂದಿದ್ದ ನಮ್ಮ ತಂಡ ಸಮ ಮಾಡಿಕೊಂಡ ಅಂಕಗಳೆಲ್ಲ ಆ ಏಳು ನಿಮಿಷದಲ್ಲೇ ಬಂದಿದ್ದವು. ಬದಲಿ ಆಟಗಾರ ಇಳಿದದ್ದು 29ನೆಯ ನಿಮಿಷದಲ್ಲಿ. ಮರುದಿನ ಗೆಳೆಯರ ಎದುರು ನನ್ನ ಮಾತನ್ನು ಹಿಂತೆಗೆದುಕೊಂಡೆ. ಅಂದಿನಿಂದ ಎರಡೂ ತಂಡಗಳ ಮುಖ್ಯ ರೇಡರ್ ಹೊರಗಿದ್ದ ನಿಮಿಷಗಳನ್ನು ಬೇರೆ ಪುಟದಲ್ಲಿ ಬರೆಯುವುದನ್ನು ತಪ್ಪಿಸಿಲ್ಲ. ಹಾಗೆಂದು ಕೋಚ್‌ಗೆ ಪಾಲೇ ಇಲ್ಲವೆಂದೂ ಹೇಳಲಾಗದು: ಆ ರೇಡರ್‌ನನ್ನು 24ನೆಯ ನಿಮಿಷದಲ್ಲಿ ಹಿಡಿದದ್ದು ಹೇಗೆ, ಅದು ಯೋಜನೆಯೋ ಅವನ ತಪ್ಪೋ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದರ ಉತ್ತರ ಅದೇ ತಂಡದ ಹಿಂದಿನ ಎರಡು ಪಂದ್ಯಗಳಲ್ಲಿ ಆ ಜೋಡಿ ಅದೇ ರೀತಿ ಹಿಡಿದಿತ್ತೇ ಎಂಬುದರಲ್ಲಿದೆ.

ಆದ್ದರಿಂದ ಟೈಮ್ ಔಟ್‌ಗೆ ಮುಂಚಿನ ಆರು ರೇಡ್‌ಗಳನ್ನೂ ನಂತರದ ಆರು ರೇಡ್‌ಗಳನ್ನೂ ಹೋಲಿಸಿ, ಆದರೆ ಅಂಗಳದಲ್ಲಿದ್ದ ಆಟಗಾರರ ಸಂಖ್ಯೆ ಎರಡೂ ಕಡೆ ಹತ್ತಿರವಿದ್ದರೆ ಮಾತ್ರ. ಟೈಮ್ ಔಟ್ ಕರೆಯುವುದೇ ಆಟ ತೀರ ಕೆಟ್ಟಾಗ. ಅಷ್ಟು ಕೆಟ್ಟ ಮೇಲೆ ಏನೂ ಮಾಡದಿದ್ದರೂ ಸ್ವಲ್ಪ ಸುಧಾರಿಸುವುದು ಸಹಜ. ಒಂದು ಪಂದ್ಯದಲ್ಲಿ ಕಂಡದ್ದನ್ನು ಅನುಮಾನವೆಂದು ಬರೆಯಿರಿ, ಮೂರು ಪಂದ್ಯಗಳಲ್ಲಿ ಮರುಕಳಿಸಿದರೆ ಅಭ್ಯಾಸದಲ್ಲಿ ಕಲಿಸಿದ್ದೆಂದು ಹೇಳಬಹುದು.

ಮೌನವಾಗಿ ನಡೆಯುವ ಬದಲಾವಣೆಗಳನ್ನೂ ಹುಡುಕಬೇಕು. ಮುನ್ನಡೆಯಲ್ಲಿರುವ ತಂಡ ಎರಡು ಖಾಲಿ ರೇಡ್ ಮಾಡಿ ಗಡಿಯಾರ ಓಡಿಸುವುದು, ಮೂರನೆಯದಕ್ಕೆ ಯಾರನ್ನು ಕಳಿಸುವುದೆಂದು ಮೊದಲೇ ಗೊತ್ತುಮಾಡಿರುವುದು, ಒಬ್ಬನೇ ಉಳಿದಾಗ ಎಳೆದಾಡದೆ ಬೇಗ ಲೋನಾ ಕೊಟ್ಟು ಏಳೂ ಮಂದಿಯನ್ನು ಒಳಗೆ ಕರೆತರುವುದು, ಇವೆಲ್ಲ ನೋಡುವವರಿಗೆ ಹೇಡಿತನದಂತೆ ಕಂಡರೂ ಸಮಯವಿದ್ದಾಗ ಸರಿಯಾದ ತೀರ್ಮಾನಗಳು. ಇವನ್ನು ಟೀಕಿಸುವ ಮುನ್ನ ಗಡಿಯಾರದಲ್ಲಿ ಎಷ್ಟು ನಿಮಿಷ ಉಳಿದಿತ್ತೆಂದು ನೋಡಿ.

ಕೋಚ್‌ನ ಕೊಡುಗೆಯನ್ನು ಆಟಗಾರರ ಪ್ರತಿಭೆಯಿಂದ ಬೇರ್ಪಡಿಸಲು ಒಂದೇ ನಂಬಬಹುದಾದ ದಾರಿ ಎಂದರೆ ಆಟಗಾರರು ಬದಲಾದ ಮೇಲೂ ಆ ಗುರುತು ಉಳಿಯುತ್ತದೆಯೇ ಎಂದು ನೋಡುವುದು. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದವು; ಎರಡು ಬೇರೆ ತಂಡಗಳು, ಬೇರೆ ಹುಡುಗರು. ಕಾಲೇಜಿನಲ್ಲಿ ಈ ಪರೀಕ್ಷೆ ತಾನಾಗಿಯೇ ನಡೆಯುತ್ತದೆ, ಏಕೆಂದರೆ ಮೂರು ವರ್ಷಕ್ಕೆ ತಂಡವೇ ಬದಲಾಗುತ್ತದೆ. ಹೋದ ವರ್ಷದ ಕವರ್ ಜೋಡಿ ಓದು ಮುಗಿಸಿ ಹೋದ ಮೇಲೂ ಹೊಸ ಜೋಡಿ ಅದೇ ಹೊತ್ತಿಗೆ ಡ್ಯಾಶ್ ಮಾಡುತ್ತಿದ್ದರೆ, ಅದು ಕೋಚ್ ಅವರದ್ದೇ.

ವಾದಕ್ಕೆ ಕುಳಿತಾಗ

ಆಡುವವರು ಹತ್ತೊಂಬತ್ತು, ಇಪ್ಪತ್ತರ ಹುಡುಗರು. ಅವರಲ್ಲಿ ಕೆಲವರು ಪಕ್ಕದ ಬೆಂಚಿನಲ್ಲೇ ಗಿರಮಿಟ್ಟು ತಿನ್ನುತ್ತ ಕೇಳಿಸಿಕೊಳ್ಳುತ್ತಿರಬಹುದು. "ಅವನ ಕೈಲಿ ಆಗೂದುಲ್ಲ" ಎನ್ನುವ ಬದಲು "ಏಳು ಮಂದಿ ಇದ್ದಾಗ ಅವನ ರೇಡ್ ಖಾಲಿ ಹೊಂಟಾವ" ಎಂದರೆ ಅದೇ ಹುಡುಗ ಎದ್ದು ಬಂದು ಯಾಕೆಂದು ಹೇಳುತ್ತಾನೆ, ನಮಗೆ ಗೊತ್ತಿಲ್ಲದ ಸಂಗತಿಯೊಂದು ಸಿಗುತ್ತದೆ. ಎದುರು ವಾದಿಸುವವರ ಮಾತನ್ನು ಒಮ್ಮೆ ನೀವೇ ಹೇಳಿ, "ನೀವ್ ಹೇಳೂದು ಇದೇ ಹೌದಲ್ರಿ?" ಎಂದು ಕೇಳಿ ಒಪ್ಪಿಸಿಕೊಂಡು ಆಮೇಲೆ ಉತ್ತರಿಸಿ. ಅಂಪೈರ್ ತೀರ್ಪಿನ ಮೇಲೆ ನಿಂತಿರುವ ವಾದವನ್ನು ಬಿಟ್ಟುಬಿಡಿ. ಕಾಲೇಜು ಪಂದ್ಯಗಳಲ್ಲಿ ವಿಡಿಯೊ ಇರುವುದು ಅಪರೂಪ, ಇಬ್ಬರೂ ಬೇರೆ ಬೇರೆ ಮೂಲೆಯಿಂದ ನೋಡಿರುತ್ತೀರಿ.

ಮುಂದಿನ ಪಂದ್ಯದ ಹಿಂದಿನ ಸಂಜೆ, ಇಬ್ಬರೂ ಒಂದೊಂದು ಚೀಟಿಯಲ್ಲಿ ಮೂರು ಸಾಲು ಬರೆಯಿರಿ: ಯಾರು ಗೆಲ್ಲುತ್ತಾರೆ, ಅಂತರ ಏಳರ ಒಳಗೋ ಹೊರಗೋ, ಮತ್ತು ಹಿಂದಿದ್ದರೆ ಕೋಚ್ ಮೊದಲ ಟೈಮ್ ಔಟ್‌ನಲ್ಲಿ ಯಾವ ಜಾಗದ ಆಟಗಾರನನ್ನು ಬದಲಿಸುತ್ತಾರೆ. ಚೀಟಿಗಳನ್ನು ಚಹಾ ಅಂಗಡಿಯ ಯಜಮಾನರ ಗಲ್ಲಾದಲ್ಲಿ ಇಡಲು ಕೊಡಿ, ಪಂದ್ಯ ಮುಗಿದ ಮೇಲೆ ಇಬ್ಬರೂ ಇರುವಾಗ ತೆರೆಯಿಸಿ. ಮೂರನೆಯ ಸಾಲು ಸರಿಯಾಗಿರುವವರ ಮಾತನ್ನು ಮುಂದಿನ ವಾರ ಹೆಚ್ಚು ಗಮನವಿಟ್ಟು ಕೇಳಿ.